ಮಾಡಿನ ಕೆಳ ಅಂಚು

“ಗುರುಗಳೇ, ಒಳಗೆ ಬಿಡದೇ ಇದ್ದದ್ದು ಒಳಗೆ ಹೇಗೆ ಬರುತ್ತದೆ?” ಎಂದು ಬಸವಂತ ಕೇಳಿದ.

ಬಸವಂತ ಮಠದ ಶಿಷ್ಯ. ಅವನ ತಾಯಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ತಾಯಿಯ ಮಣ್ಣು ಮುಗಿಸಿ ಬಂದವನು ನೇರ ಪಾಠಕ್ಕೆ ಕುಳಿತಿದ್ದ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಜೊತೆಯವರು ಅವನನ್ನು ಗಟ್ಟಿಗ ಎಂದು ಹೊಗಳಿದ್ದರು. ಆದರೆ ಈಗೀಗ ಅವನು ಗಂಟೆ ಬಾರಿಸಬೇಕಾದ ಹೊತ್ತಿನಲ್ಲಿ ದೀಪ ಆರಿಸುತ್ತಿದ್ದ. ಪಾಯಸಕ್ಕೆ ಉಪ್ಪು ಹಾಕುತ್ತಿದ್ದ. ಬಾಯಿಪಾಠವಾಗಿದ್ದ ವಚನ ಅರ್ಧಕ್ಕೆ ನಿಂತುಬಿಡುತ್ತಿತ್ತು.

“ದುಃಖ ಒಳಗೆ ಬರಬಾರದು ಎಂದು ಎಲ್ಲ ಕಡೆಯಿಂದಲೂ ಮುಚ್ಚಿಕೊಂಡಿದ್ದೇನೆ. ಯಾರಾದರೂ ಅಮ್ಮನ ಮಾತೆತ್ತಿದರೆ ಎದ್ದು ಹೋಗುತ್ತೇನೆ. ಮೊನ್ನೆ ಪಂಕ್ತಿಯಲ್ಲಿ ಯಾರೋ, ನಿಮ್ಮಮ್ಮ ಕಳಿಸುತ್ತಿದ್ದ ಹಪ್ಪಳದ ರುಚಿ ಇದಕ್ಕಿಲ್ಲ ಎಂದರು. ಅರ್ಧ ಊಟಕ್ಕೆ ಎದ್ದೆ. ಇಷ್ಟು ಕಾವಲಿದ್ದರೂ ಒಳಗೆಲ್ಲ ಮಂಜು ಕವಿದಿದೆ. ಏನು ಹಿಡಿದರೂ ಅದು ಇನ್ನೇನೋ ಆಗುತ್ತದೆ. ಈ ಮಠಕ್ಕೆ ನಾನು ತಕ್ಕವನಲ್ಲ. ಅಪ್ಪಣೆ ಕೊಟ್ಟರೆ ನಾಳೆ ಹೊರಡುತ್ತೇನೆ.”

ಗುರುಗಳು ಗಡ್ಡ ಸವರಿಕೊಂಡರು.

“ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬನನ್ನು ವಾದದಲ್ಲಿ ಸೋಲಿಸಿಬಿಟ್ಟಿದ್ದೇನೆ. ಅಂದಿನಿಂದ ಅವನು ಯಾರ ಜೊತೆಗೂ ಮಾತಾಡಿಲ್ಲ. ಹಸುವಿಗೂ ಕೈಸನ್ನೆಯಲ್ಲೇ ಹೇಳುತ್ತಾನಂತೆ. ಹಾಗಾಗಿ ನಿನಗೆ ಬೇರೆ ದಾರಿ ಇಲ್ಲ. ಕೂತುಕೋ,” ಎಂದರು.

ಬಸವಂತ ಕುಳಿತ. ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹಪ್ಪಳದ ವ್ಯಾಪಾರಿ ಇದ್ದ. ಹಪ್ಪಳ ಒತ್ತುವವಳು ಅವನ ಹೆಂಡತಿ. ಮಾರುವವನು ಅವನು. ಹೆಸರು ಬಂದದ್ದು ಅವಳ ಕೈಗೆ. ಮದುವೆಯ ಮನೆಯವರು ಅಡಿಗೆಯವನನ್ನು ಗೊತ್ತುಮಾಡುವ ಮೊದಲು ಅವಳಿಗೆ ಹೇಳಿ ಹೋಗುತ್ತಿದ್ದರು.

“ಎಷ್ಟು ತೆಳ್ಳಗೆ ಒತ್ತುತ್ತಿದ್ದಳು ಅಂತೀಯ! ಹಪ್ಪಳದ ಹಿಂದೆ ಪಂಚಾಂಗ ಹಿಡಿದರೆ ಓದಬಹುದಿತ್ತು. ನಾನೇ ಓದಿದ್ದೇನೆ. ಪಂಚಾಂಗದಲ್ಲಿದ್ದ ತಪ್ಪು ಹಪ್ಪಳದಲ್ಲಿ ಸರಿಯಾಗಿ ಕಾಣುತ್ತಿತ್ತು,” ಎಂದರು ಗುರುಗಳು.

ಹಪ್ಪಳ ಒಣಗುತ್ತಿದ್ದದ್ದು ಅಂಗಳದಲ್ಲಿ. ಕಾಗೆ ಬರುತ್ತಿತ್ತು. ದೂಳು ಬರುತ್ತಿತ್ತು. ಒಮ್ಮೊಮ್ಮೆ ಹೇಳದೆ ಕೇಳದೆ ಮಳೆಯೂ ಬರುತ್ತಿತ್ತು. ವ್ಯಾಪಾರಿ ಅಂಗಳಕ್ಕೆ ಸೂರಾಗಿ ಒಂದು ಮಾಡು ಹಾಕಲು ಹೊರಟ. ಹೆಂಚು ಹೊದಿಸಿದರೆ ಬಿಸಿಲಿಗೆ ದಾರಿಯಿಲ್ಲ. ಆದ್ದರಿಂದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಶೀಟು ತಂದ. ಅದು ಬೆಳಕನ್ನು ಬಿಡುತ್ತದೆ, ಮಳೆಯನ್ನು ಬಿಡುವುದಿಲ್ಲ.

ಆ ಶೀಟಿಗೆ ಎರಡು ಪದರ. ಎರಡರ ನಡುವೆ ಉದ್ದಕ್ಕೂ ಸಣ್ಣ ಕೊಳವೆಗಳ ಸಾಲು. ಇಳಿಜಾರಾಗಿ ಹೊದಿಸಿದರೆ ಕೊಳವೆಗಳ ಒಂದು ಬಾಯಿ ಮೇಲಿನ ಅಂಚಿಗೆ ಬರುತ್ತದೆ, ಇನ್ನೊಂದು ಬಾಯಿ ಕೆಳಗಿನ ಅಂಚಿಗೆ. ಆ ಬಾಯಿಗಳಿಗೆ ಟೇಪು ಅಂಟಿಸಬೇಕು. ಟೇಪಿನ ಮೇಲೆ ಅಂಚುಪಟ್ಟಿ ತೊಡಿಸಬೇಕು. ಅಷ್ಟಾದರೆ ಮಾಡು ಮುಗಿಯಿತು.

ಅಂಗಡಿಯವನು ಮೇಲಿನ ಅಂಚಿಗೆ ಗಟ್ಟಿ ಟೇಪು, ಗಟ್ಟಿ ಪಟ್ಟಿ ಕೊಟ್ಟ. ಕೆಳಗಿನ ಅಂಚಿಗೆಂದು ಕೊಟ್ಟ ಟೇಪಿನಲ್ಲಿ, ಪಟ್ಟಿಯಲ್ಲಿ ಸಾಲಾಗಿ ತೂತುಗಳಿದ್ದವು.

ವ್ಯಾಪಾರಿ ಟೇಪನ್ನು ಬೆಳಕಿಗೆ ಹಿಡಿದ. ಅವನು ಜೀವಮಾನವೆಲ್ಲ ಹಪ್ಪಳವನ್ನು ಹೀಗೇ ಬೆಳಕಿಗೆ ಹಿಡಿದವನು. ತೂತು ಬಿದ್ದದ್ದನ್ನು ಆಚೆ ತೆಗೆದಿಡುವುದೇ ಅವನ ಕಸುಬು.

“ಏನ್ ಸ್ವಾಮಿ, ಹುಳ ತಿಂದ ಮಾಲನ್ನು ನನ್ನ ತಲೆಗೆ ಕಟ್ಟುತ್ತೀರಾ?” ಎಂದ.

“ಕಂಪನಿಯಿಂದ ಬರೋದೇ ಹಾಗೆ, ಯಜಮಾನರೇ,” ಎಂದ ಅಂಗಡಿಯವನು.

“ಯಾಕೆ ಹಾಗೆ ಬರುತ್ತೆ?”

ಅಂಗಡಿಯವನು ತಲೆ ಕೆರೆದುಕೊಂಡ. “ಅದನ್ನು ಇಲ್ಲಿತನಕ ಯಾರೂ ಕೇಳಿರಲಿಲ್ಲ,” ಎಂದ.

ವ್ಯಾಪಾರಿ ತೂತಿನದ್ದನ್ನು ಅಲ್ಲೇ ಬಿಟ್ಟು, ಎರಡೂ ಅಂಚಿಗೆ ಗಟ್ಟಿ ಟೇಪನ್ನೇ, ಗಟ್ಟಿ ಪಟ್ಟಿಯನ್ನೇ ತಂದ. ಮಂಜು ಸುರಿಯುವ ಒಂದು ಬೆಳಿಗ್ಗೆ ಏಣಿ ಹತ್ತಿ, ತಾನೇ ಕೂತು ಎರಡೂ ಕಡೆ ಅಂಟಿಸಿದ. ಪಟ್ಟಿಗಳನ್ನು ಒತ್ತಿ ಕೂರಿಸಿದ. ಸಂದಿ ಕಂಡಲ್ಲೆಲ್ಲ ಗಮ್ ಹಿಂಡಿದ. ಕೆಳಗಿಳಿದು ಹೆಂಡತಿಯನ್ನು ಕರೆದ.

“ನೋಡು. ಇನ್ನು ಇದರೊಳಗೆ ಇರುವೆಯ ಉಸಿರೂ ಹೋಗುವುದಿಲ್ಲ.”

“ಅದೇನೋ ನಿಜ ಕಣ್ರೀ. ನಿಮ್ಮ ಮೀಸೆಯೂ ಅಂಟಿಕೊಂಡಿದೆ, ಮೊದಲು ಅದನ್ನು ಬಿಡಿಸಿಕೊಳ್ಳಿ,” ಎಂದಳು ಹೆಂಡತಿ.

ಇಲ್ಲಿ ಬಸವಂತ ನಡುವೆ ಬಾಯಿ ಹಾಕಿದ. “ಗುರುಗಳೇ, ತಪ್ಪು ತಿಳಿಯಬೇಡಿ. ನಾನು ಕೇಳಿದ್ದಕ್ಕೂ ಈ ಮಾಡಿಗೂ ಏನು ಸಂಬಂಧ?”

“ನನಗೂ ಇನ್ನೂ ಗೊತ್ತಾಗಿಲ್ಲ. ಕತೆ ಮುಗಿಯುವಷ್ಟರಲ್ಲಿ ಸಿಗುತ್ತದೆ. ಇದುವರೆಗೆ ನನಗೆ ಸಿಗದೇ ಹೋದದ್ದು ಒಂದೇ, ಕಳೆದ ವರ್ಷ ಇಟ್ಟು ಮರೆತ ಕನ್ನಡಕ. ಅದರ ತಪ್ಪು ಕನ್ನಡಕದ್ದು,” ಎಂದು ಗುರುಗಳು ಮುಂದುವರಿಸಿದರು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಕಾಗೆ ಮೇಲೆ ಕೂತು, ಕೆಳಗಿನ ಹಪ್ಪಳ ನೋಡಿ, ಕೊಕ್ಕು ಕುಟ್ಟಿಕೊಂಡು ಹಾರಿಹೋಯಿತು. ಆಮೇಲೆ ಒಂದು ಬೆಳಿಗ್ಗೆ ಶೀಟಿನ ಒಳಗೆ ಹನಿಗಳು ಕಂಡವು. ಮೇಲಿನ ಪದರದ ಮೇಲಲ್ಲ, ಕೆಳಗಿನ ಪದರದ ಕೆಳಗಲ್ಲ. ನಡುವಿನ ಕೊಳವೆಗಳಲ್ಲಿ.

ಸೋರುತ್ತಿದೆ ಎಂದುಕೊಂಡ ವ್ಯಾಪಾರಿ. ಮೇಲೆ ಹತ್ತಿ ಇನ್ನೊಂದು ಸುತ್ತು ಟೇಪು ಸುತ್ತಿದ.

ಮರುದಿನ ಬೆಳಿಗ್ಗೆಯೂ ಹನಿ ಇದ್ದವು.

ಪಕ್ಕದ ಮನೆಯವರು ಮಹಡಿಯ ಮೇಲೆ ಬಟ್ಟೆ ಹಿಂಡುತ್ತಾರೆ, ಆ ನೀರು ಹಾರಿ ಬರುತ್ತಿದೆ ಎಂದುಕೊಂಡ. ಅವರ ಜೊತೆ ಜಗಳವಾಡಿದ. ಅವರು ಬೀಗ ಹಾಕಿ ಊರಿಗೆ ಹೋದ ಮೇಲೂ ಹನಿ ಇದ್ದವು. ಕೋತಿಯ ಕೆಲಸ ಎಂದುಕೊಂಡ. ಕೋತಿ ಬಂದು ನೋಡಿ, ತನಗೂ ಅರ್ಥವಾಗದೆ ಹೋಯಿತು. ಕಡೆಗೆ ಯಾರದೋ ಕಣ್ಣು ಬಿದ್ದಿದೆ ಎಂದು ಮಾಡಿನ ಮೂಲೆಗೆ ಬೂದುಗುಂಬಳ ಕಟ್ಟಿದ. ಪ್ರತಿ ಸಲವೂ ಹತ್ತುತ್ತಿದ್ದ, ಪ್ರತಿ ಸಲವೂ ಇನ್ನಷ್ಟು ಗಮ್ ಹಿಂಡುತ್ತಿದ್ದ.

ಮುಚ್ಚಿದಷ್ಟೂ ನೀರು ಅಲ್ಲೇ ಇತ್ತು. ಮಳೆ ನಿಂತಿತು. ಆಕಾಶ ತೊಳೆದಿಟ್ಟಂತೆ ಒಣಗಿತು. ನೀರು ಮಾತ್ರ ಹೋಗಲಿಲ್ಲ. ಅವನು ಅಂಗಳದಲ್ಲಿ ನಿಂತು ಒಮ್ಮೆ ಆಕಾಶ ನೋಡುತ್ತಿದ್ದ, ಒಮ್ಮೆ ಮಾಡು ನೋಡುತ್ತಿದ್ದ. ನಡುವೆ ಎಲ್ಲಿ ಮೋಡವಿದೆ ಎಂದು ಹುಡುಕುತ್ತಿದ್ದ.

ನಿಂತ ನೀರು ಪಾಚಿ ಕಟ್ಟಿತು. ಮಾಡು ಹಸಿರಾಯಿತು. ಬೆಳಕು ಕುಗ್ಗಿತು. ಹಪ್ಪಳ ಒಣಗಲಿಲ್ಲ. ಮೇಲೆ ಒಣಗಿದಂತೆ ಕಂಡು, ಒಳಗೆ ಹಸಿ ಉಳಿಯುತ್ತಿತ್ತು. ಒಂದು ಮದುವೆಯ ಮನೆಯಿಂದ ಬುಟ್ಟಿಗಟ್ಟಲೆ ಹಪ್ಪಳ ವಾಪಸು ಬಂತು. ಬೂಷ್ಟಿನ ವಾಸನೆ ಎಂದರು.

ಯಾರೂ ಮಾಡನ್ನು ಬಯ್ಯಲಿಲ್ಲ. ಆ ಹೆಂಗಸಿನ ಕೈಗುಣ ಹೋಯಿತು ಎಂದರು.

ಆ ಮಾತು ಅವಳ ಕಿವಿಗೆ ಬಿತ್ತು. ಅವಳು ಲಟ್ಟಣಿಗೆಯನ್ನು ತೊಳೆದು, ಒರೆಸಿ, ಗೂಟಕ್ಕೆ ತೂಗುಹಾಕಿದಳು.

“ನಾಳೆಯಿಂದ ಒತ್ತುವುದಿಲ್ಲ ಕಣ್ರೀ. ನಮ್ಮತ್ತೆ ಕೊಟ್ಟುಹೋದ ಹೆಸರು. ನನ್ನ ಕೈಯಲ್ಲೇ ಹಾಳಾಗುವುದು ಬೇಡ.”

ಏನೂ ತೋಚದಿದ್ದಾಗ ವ್ಯಾಪಾರಿ ಮಾಡುತ್ತಿದ್ದದ್ದು ಒಂದೇ. ಗಮ್ ಡಬ್ಬಿ ತೆಗೆದುಕೊಂಡು ಏಣಿಯ ಹತ್ತಿರ ಹೋದ.

ಅಷ್ಟು ಹೊತ್ತಿಗೆ ಕೋತಿ ಮತ್ತೆ ಬಂತು. ಬೂದುಗುಂಬಳದ ಮೇಲೆ ಅದಕ್ಕೆ ಕಣ್ಣು. ಹೆಂಡತಿ ಗಳ ತೆಗೆದುಕೊಂಡು ಬೀಸಿದಳು. ಕೋತಿ ತಪ್ಪಿಸಿಕೊಂಡಿತು. ಗಳ ಹೋಗಿ ಮಾಡಿನ ಕೆಳ ಅಂಚಿಗೆ ಬಡಿಯಿತು. ಪಟ್ಟಿಯ ಒಂದು ತುದಿ ಕಿತ್ತು ಬಂತು, ಟೇಪು ಹರಿಯಿತು. ಕೆಳಗೆ ಏಣಿ ಹಿಡಿದು ನಿಂತಿದ್ದ ವ್ಯಾಪಾರಿಯ ತಲೆಯ ಮೇಲೆ ಹಸಿರು ನೀರು ಸುರಿಯಿತು.

“ಎಷ್ಟು ನೀರು ಅಂತೀಯ! ಮೀಸೆಯಿಂದ ಎರಡು ಮೀನು ತೆಗೆದನಂತೆ. ಒಂದನ್ನು ನಾನು ಕಣ್ಣಾರೆ ಕಂಡಿದ್ದೇನೆ,” ಎಂದರು ಗುರುಗಳು.

ಬಸವಂತ ನಗಲಿಲ್ಲ. “ಆ ನೀರು ಎಲ್ಲಿಂದ ಬಂತು?” ಎಂದು ಕೇಳಿದ.

“ಅವನೂ ಅದನ್ನೇ ಕೇಳಿದ.”

ವ್ಯಾಪಾರಿ ಮುಖ ಒರೆಸಿಕೊಂಡು ಆಕಾಶ ನೋಡಿದ. “ಮಳೆ ಇಲ್ಲ, ಮೋಡ ಇಲ್ಲ. ಇದು ಯಾವ ಊರಿನ ನೀರು ಕಣೇ?” ಎಂದ.

ಹೆಂಡತಿ ಸುರಿಯುವ ನೀರನ್ನೇ ನೋಡುತ್ತ ನಿಂತಳು. ಆಮೇಲೆ ಕೇಳಿದಳು.

“ರೀ, ಬಿಸಿಲಿನಿಂದ ತೆಗೆದ ಹಪ್ಪಳವನ್ನು ಬಿಸಿಬಿಸಿ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಏನಾಗುತ್ತೆ?”

“ಇದೇನು ಕೇಳೋದು? ಮುಚ್ಚಳ ಬೆವರುತ್ತೆ. ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತೆ. ಕೊಂಡುಕೊಳ್ಳಲು ಬಂದವರಿಗೆಲ್ಲ ನಾನೇ ಹೇಳಿ ಕಳಿಸುತ್ತೇನಲ್ಲ, ಆರುವ ತನಕ ಮುಚ್ಚಳ ಓರೆಯಾಗಿ ಇಡಿ ಅಂತ.”

ಹೇಳಿದವನು ಮಾಡಿನ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಕೈಯಲ್ಲಿದ್ದ ಗಮ್ ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಮಂಜಿನ ದಿನ ಮುಚ್ಚಿದ ಮಾಡು. ಆ ದಿನದ ತೇವ ಒಳಗೇ ಉಳಿದಿತ್ತು. ಹಗಲು ಕಾದು ಆವಿಯಾಗುತ್ತಿತ್ತು, ಇರುಳು ತಣಿದು ಹನಿಯಾಗುತ್ತಿತ್ತು. ಹೊರಗಿನಿಂದ ಒಂದು ಹನಿಯೂ ಬಂದಿರಲಿಲ್ಲ. ಅವನು ಅಂಟಿಸಿದ ಟೇಪು ಅಷ್ಟು ಗಟ್ಟಿಯಾಗಿತ್ತು.

ಇಷ್ಟು ತಿಳಿದ ಮೇಲೆ ವ್ಯಾಪಾರಿ ಎರಡೂ ಅಂಚಿನ ಪಟ್ಟಿಗಳನ್ನು ಕಿತ್ತು ಬಿಸಾಡಿದ. ಇನ್ನು ನನ್ನ ಮಾಡು ಪೂರಾ ತೆರೆದ ಮಾಡು ಎಂದು ಸಾರಿದ. ಮೇಲಿನ ಬಾಯಿಯಿಂದ ದೂಳು ಬಂತು, ಅಕಾಲದ ಮಳೆ ಬಂತು. ಕೊಳವೆಗಳಲ್ಲಿ ಇರುವೆಗಳು ಸಂಸಾರ ಹೂಡಿದವು. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಮುಚ್ಚಿದರೆ ಬೆವರುತ್ತದೆ, ತೆರೆದರೆ ತುಂಬುತ್ತದೆ. ಮಾಡು ಎನ್ನುವುದು ಮನುಷ್ಯನಿಗೆ ಆಗಿಬರುವ ವಸ್ತುವೇ ಅಲ್ಲ ಎಂದ.

“ಮುಚ್ಚಳ ಓರೆಯಾಗಿ ಇಡಿ ಅಂತೀರಿ. ಡಬ್ಬಿ ಬೋರಲು ಹಾಕಿ ಅಂತ ಹೇಳಲ್ಲವಲ್ಲ,” ಎಂದಳು ಹೆಂಡತಿ.

ಆಗ ಅವನಿಗೆ ತೂತಿನ ಟೇಪು ನೆನಪಾಯಿತು. ಅಂಗಡಿಗೆ ಓಡಿದ.

“ಅದು ಈಗ ಇಲ್ಲ ಯಜಮಾನರೇ. ಹುಳ ತಿಂದ ಮಾಲು ಅಂತ ನೀವು ಅಷ್ಟು ಜನರ ಎದುರಿಗೆ ಕೂಗಿದ ಮೇಲೆ ಒಬ್ಬರೂ ಮುಟ್ಟಲಿಲ್ಲ. ಎಲ್ಲ ವಾಪಸು ಕಳಿಸಿಬಿಟ್ಟೆ,” ಎಂದ ಅಂಗಡಿಯವನು.

ವ್ಯಾಪಾರಿ ಗಟ್ಟಿ ಟೇಪನ್ನೇ ಹಿಡಿದು, ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಗೋಣಿಚೀಲ ಹೊಲಿಯುವ ದಬ್ಬಳ ತಂದಳು. ಜಗಲಿಯ ಮೇಲೆ ಟೇಪು ಹಾಸಿ ಉದ್ದಕ್ಕೂ ಚುಚ್ಚುತ್ತ ಹೋದಳು. ಕೆಳಗಿನ ಪಟ್ಟಿಗೆ ಅವನು ಮೊಳೆ ಹೊಡೆದು ತೂತು ಮಾಡಿದ. ಜೀವಮಾನವೆಲ್ಲ ತೂತು ಹುಡುಕಿ ತೆಗೆದಿಟ್ಟವನು, ಸಮನಾಗಿ ತೂತು ಬೀಳಲಿಲ್ಲ ಎಂದು ಅವತ್ತು ತನ್ನನ್ನೇ ಬೈದುಕೊಂಡ. ಕೊಳವೆಗಳಿಗೆ ನೀರು ಬಿಟ್ಟು ಪಾಚಿ, ಇರುವೆ ಎಲ್ಲ ತೊಳೆದರು. ಬಿಸಿಲಿಗೆ ಒಣಗಿಸಿದರು. ಆಮೇಲೆ ಮೇಲಿನ ಅಂಚನ್ನು ಗಟ್ಟಿಯಾಗಿ ಮುಚ್ಚಿದರು. ಕೆಳಗಿನ ಅಂಚಿಗೆ ತೂತಿನದ್ದನ್ನು ತೊಡಿಸಿದರು.

ಮಂಜಿನ ದಿನಗಳು ಮತ್ತೆ ಬಂದವು. ಬೆಳಿಗ್ಗೆ ಕೊಳವೆಗಳಲ್ಲಿ ಹನಿ ಕಾಣುತ್ತಿತ್ತು. ವ್ಯಾಪಾರಿ ಗಾಬರಿಯಾಗಿ ಏಣಿ ಹುಡುಕುತ್ತಿದ್ದ. ಏಣಿ ಸಿಗುವಷ್ಟರಲ್ಲಿ ಹನಿ ಕೆಳಗಿಳಿದು, ಅಂಚಿನ ತೂತಿನಿಂದ ತೊಟ್ಟಿಕ್ಕಿ, ಅಂಗಳದ ತುಳಸಿಯ ಬುಡಕ್ಕೆ ಹೋಗಿರುತ್ತಿತ್ತು. ಹೆಂಡತಿ ಗೂಟದಿಂದ ಲಟ್ಟಣಿಗೆ ಇಳಿಸಿದಳು.

“ಆ ಹಪ್ಪಳ ತಿಂದವನು ನಾನು. ಕಡಿದ ಸದ್ದಿಗೆ ಪಕ್ಕದೂರಿನವರು ಗುಡುಗು ಎಂದು ಬಟ್ಟೆ ಒಳಗೆ ತಂದರು,” ಎಂದು ಗುರುಗಳು ಕತೆ ಮುಗಿಸಿದರು.

ಬಸವಂತ ಹಣೆ ಉಜ್ಜಿಕೊಂಡ.

“ಗುರುಗಳೇ, ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ. ಮೇಲಿನದು ಯಾವುದು, ಕೆಳಗಿನದು ಯಾವುದು ತಿಳಿಯುತ್ತಿಲ್ಲ. ನಾನು ಹೊರಡಲೋ, ಇರಲೋ? ಎಲ್ಲಿ ಮುಚ್ಚಲಿ, ಎಲ್ಲಿ ಚುಚ್ಚಲಿ?”

ಗುರುಗಳು ಈ ಸಲ ತಮ್ಮ ಪ್ರತಾಪ ಹೇಳಲಿಲ್ಲ. ಅವನ ಹತ್ತಿರಕ್ಕೆ ಸರಿದು ಕುಳಿತರು.

“ಅದಿರಲಿ ಮಗು. ನಿಮ್ಮಮ್ಮ ಹಪ್ಪಳಕ್ಕೆ ಏನೇನು ಹಾಕುತ್ತಿದ್ದಳು?”

“ಉದ್ದು...” ಎಂದ ಬಸವಂತ. ಅಷ್ಟರಲ್ಲಿ ಅವನ ಕಣ್ಣಿಂದ ಹನಿ ತೊಟ್ಟಿಕ್ಕತೊಡಗಿತು.