ಟಿಟ್ಟಿಭಮ್ಮನ ಕೂಗು ತಿದ್ದಿದ ಸುರಗಿ

ಸುರಗಿ ಎಂಬ ಎಳೆಯ ಮೊಲಕ್ಕೆ ಒಂದು ಅಭ್ಯಾಸವಿತ್ತು. ಎಲ್ಲಿ ಯಾವ ಹಕ್ಕಿ ಕೂಗಲಿ, ಅದು ಕೂಗಿ ಮುಗಿಸುವ ಮೊದಲೇ ಬಲಗಿವಿಯನ್ನು ಚೂರು ಮಡಚಿ, ಆ ಹಕ್ಕಿಯ ಹೆಸರನ್ನು ಮೆಲ್ಲಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾಚಿ ಸುತ್ತ ನೋಡುತ್ತಿದ್ದಳು. ಯಾರೂ ಕೇಳಿಸಿಕೊಂಡಿಲ್ಲ ಎಂದು ಗೊತ್ತಾದರೆ ಮಾತ್ರ ಸ್ವಲ್ಪ ಬೇಜಾರಾಗುತ್ತಿತ್ತು.

ಅವಳಿದ್ದದ್ದು ಬಿದಿರುಮೆಳೆಗಳ ಕಾಡು ಮುಗಿದು ಬಯಲು ಶುರುವಾಗುವ ಕಡೆ. ಅಲ್ಲೊಂದು ಕೊಳ. ಕೊಳದ ದಂಡೆಯ ಎಳೆಹುಲ್ಲೆಂದರೆ ಮೊಲಗಳಿಗೆ ಹಬ್ಬದೂಟ. ಆದರೆ ಊಟಕ್ಕೆ ಯಾರು ಯಾರು ಬರುತ್ತಾರೆಂದು ನರಿಗೂ ಗೊತ್ತಲ್ಲ? ಅದಕ್ಕೇ ಮೊಲಗಳಲ್ಲಿ ‘ಕಿವಿಪಾಳಿ’ ಎಂಬ ಪದ್ಧತಿಯಿತ್ತು. ಸಂಜೆ ಎಲ್ಲರೂ ತಲೆ ತಗ್ಗಿಸಿ ಮೇಯುವಾಗ ಒಬ್ಬರು ಮಾತ್ರ ಮೇಯದೆ, ಕಿವಿ ನಿಗುರಿಸಿ ಕೂರಬೇಕು. ಕೋಗಿಲೆಯೋ ಕೆಂಬೂತವೋ ಕೂಗಿದರೆ ಸುಮ್ಮನಿರಬೇಕು. ದಂಡೆಯ ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭ ಕಿರುಚಿದರೆ, ಯಾರೋ ಬರಬಾರದವರು ಬಂದರೆಂದೇ ಲೆಕ್ಕ; ಆಗ ಹಿಂಗಾಲಿನಿಂದ ನೆಲ ಗುದ್ದಬೇಕು. ಗುದ್ದಿದ ಸದ್ದಾದರೆ ಎಲ್ಲರೂ ಓಟ ಕೀಳುತ್ತಾರೆ. ಆಗದಿದ್ದರೆ ಯಾರೂ ತಲೆ ಎತ್ತುವುದಿಲ್ಲ.

ಸುರಗಿಯ ಅಜ್ಜಿಗೆ ಒಂದು ಕಾಲು ಕುಂಟು. ಎಲ್ಲರಿಗಿಂತ ಮೊದಲು ಹೊರಟರೆ ಮಾತ್ರ ಅವಳು ಎಲ್ಲರ ಜೊತೆ ಪೊದೆ ಸೇರುವವಳು. ಪಾಳಿಯಲ್ಲಿ ತನ್ನ ಮೊಮ್ಮಗಳೇ ಕೂತರೆ ನಿಶ್ಚಿಂತೆಯಿಂದ ನಾಲ್ಕು ತುತ್ತು ಮೇಯಬಹುದಿತ್ತು ಎಂದು ಅವಳು ಆಗಾಗ ಹೇಳುತ್ತಿದ್ದಳು. ಸುರಗಿಗೂ ಅದೇ ಆಸೆ.

ಹಾಗಾದರೆ ಹೋಗಿ ಒಂದೊಂದು ಹಕ್ಕಿಯ ಕೂಗನ್ನೂ ಕೇಳಿ ಕಲಿಯಬೇಕು. ಅಲ್ಲೇ ಇದ್ದದ್ದು ತೊಡಕು. ಕೋಗಿಲೆಯ ಮರದಡಿ ಹೋಗಿ ನಿಂತಾಗ, “ಯಾರ ಮನೆಯವಳಮ್ಮಾ ನೀನು?” ಎಂದು ಅದು ಕೇಳಿಬಿಟ್ಟರೆ? ಅಷ್ಟು ನೆನೆದರೇ ಸುರಗಿಯ ನಾಲಿಗೆ ಒಣಗುತ್ತಿತ್ತು.

ಪುಣ್ಯಕ್ಕೆ ಅವಳ ಪೊದೆಯ ಮೇಲಿನ ಮರದಲ್ಲೇ ಕಾಜಾಣ ಮೇಷ್ಟ್ರಿದ್ದರು. ಕಾಜಾಣವೆಂದರೆ ಗೊತ್ತಲ್ಲ, ಕಾಡಿನ ಯಾವ ಹಕ್ಕಿಯ ಕೂಗನ್ನಾದರೂ ಅನುಕರಿಸುವ ಕರಿಹಕ್ಕಿ. ಸುರಗಿ ಪೊದೆಯಿಂದ ಮೂಗು ಹೊರಹಾಕದೆ ಅವರ ಬಾಯಲ್ಲೇ ಇಡೀ ಕಾಡನ್ನು ಕಲಿತಳು. ಮೇಷ್ಟ್ರ ಗಂಟಲು ಬಲು ಇಂಪು. ಟಿಟ್ಟಿಭದ ಕೂಗಿನ ಕೊನೆಗಂತೂ ತಮ್ಮದೇ ಒಂದು ಚಂದದ ಎಳೆತ ಸೇರಿಸುತ್ತಿದ್ದರು.

“ನಾನು ಮಾಡೋದು ನಕಲು ಕಣಮ್ಮ,” ಎಂದು ಅವರು ಮೊದಲ ಪಾಠದಲ್ಲೇ ಹೇಳಿದ್ದರು. “ಒಂದಿನ ಕೊಳದ ಕಡೆ ಹೋಗಿ ಅಸಲು ಕೇಳ್ಕೊ.”

ಸುರಗಿ ತಲೆಯಾಡಿಸಿದ್ದಳು. ತಲೆಯಾಡಿಸುವುದರಲ್ಲಿ ಅವಳು ಯಾವಾಗಲೂ ಮುಂದು.

ಪಾಠ ಮುಂದುವರಿದಂತೆ ಒಂದು ವಿಚಿತ್ರವಾಯಿತು. ದೂರದಲ್ಲಿ ನಿಜವಾದ ಕೋಗಿಲೆ ಕೂಗಿದರೆ, “ಪಾಪ, ಮೇಷ್ಟ್ರಿಗೆ ಇವತ್ತು ಗಂಟಲು ಸರಿಯಿಲ್ಲ,” ಎಂದು ಅವಳಿಗೆ ಮರುಕವಾಗುತ್ತಿತ್ತು.

ಮೊಲಗಳೆಲ್ಲ ಸೇರಿ ಅವಳನ್ನು ಪರೀಕ್ಷಿಸಿದ ದಿನ ಮೇಷ್ಟ್ರೇ ಕೊಂಬೆಯ ಮೇಲೆ ಕೂತು ಕೂಗಿದರು. ಸುರಗಿ ಒಂದೂ ತಪ್ಪಲಿಲ್ಲ. “ನಮ್ಮ ವಂಶದಲ್ಲೇ ಇಂಥ ಕಿವಿ ಹುಟ್ಟಿರಲಿಲ್ಲ,” ಎಂದು ಅಜ್ಜಿ ಬೀಗಿದಳು. ಮರುದಿನದ ಪಾಳಿ ಸುರಗಿಗೆ ಸಿಕ್ಕಿತು.

ಸಂಜೆಯಾಯಿತು. ದಂಡೆಯ ಕಲ್ಲೊಂದರ ಮೇಲೆ ಸುರಗಿ ಕೂತಳು. ಬಲಗಡೆಯಲ್ಲೇ ಅಜ್ಜಿ ಮೇಯುತ್ತಿದ್ದಳು. ಕೆಂಬೂತ ಕೂಗಿತು. “ಕೆಂಬೂತ,” ಎಂದಳು ಸುರಗಿ. ಪಿಕಳಾರ ಕೂಗಿತು. “ಪಿಕಳಾರ.” ಈ ಸಲ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಅಷ್ಟರಲ್ಲಿ ಕೊಳದಾಚೆಯಿಂದ ಟಿಟ್ಟಿ-ಟಿಟ್ಟೀ ಎಂದು ಕಿರುಚಿದ ಸದ್ದು ಬಂತು.

ಅಜ್ಜಿ ಹುಲ್ಲು ಜಗಿಯುವುದನ್ನು ನಿಲ್ಲಿಸಿದಳು. “ಟಿಟ್ಟಿಭ ಅಲ್ವೇನೇ ಅದು?”

“ಟಿಟ್ಟಿಭವೇ ಅಜ್ಜಿ,” ಎಂದಳು ಸುರಗಿ. “ಆದ್ರೆ ಕೂಗ್ತಿರೋದು ನಮ್ಮ ಮೇಷ್ಟ್ರು. ನನ್ನ ಪರೀಕ್ಷೆ ಮಾಡ್ತಿದಾರೆ. ನೀನು ಮೇಯಿ.”

ಹೆಸರು ಸರಿಯಾಗಿತ್ತು. ಅದೊಂದೇ ಸರಿಯಾಗಿತ್ತು. ಮೊಮ್ಮಗಳ ಕಿವಿಯನ್ನು ನಂಬಿ ಅಜ್ಜಿ ಮತ್ತೆ ತಲೆ ತಗ್ಗಿಸಿದಳು.

ಕಿರುಚಾಟ ಹತ್ತಿರವಾಯಿತು. ಹಳದಿ ಕಾಲಿನ ಹಕ್ಕಿಯೊಂದು ಸುರಗಿಯ ನೆತ್ತಿಯ ಮೇಲೇ ರೆಕ್ಕೆ ಬಡಿಯತೊಡಗಿತು. ಕಾಜಾಣ ಮೇಷ್ಟ್ರಿಗೆ ಹಳದಿ ಕಾಲಿಲ್ಲ ಎಂಬುದನ್ನು ಸುರಗಿ ಗಮನಿಸಿದಳು. ಯಾರೋ ಬೇರೆಯವರೂ ಮೇಷ್ಟ್ರ ಹತ್ತಿರ ಪಾಠಕ್ಕೆ ಸೇರಿರಬೇಕು, ಇನ್ನೂ ಪಳಗಿಲ್ಲ ಎಂದುಕೊಂಡಳು. ಆ ದಿನದ ಹೆಮ್ಮೆ ಎಷ್ಟಿತ್ತೆಂದರೆ, ಹುಟ್ಟಿದಾಗಿನಿಂದ ಒಂದು ಹಕ್ಕಿಯನ್ನೂ ಮಾತಾಡಿಸದವಳು ಈಗ ಗಂಟಲು ಸರಿಮಾಡಿಕೊಂಡು ಬಾಯಿಬಿಟ್ಟಳು.

“ತಪ್ಪು ತಿಳ್ಕೋಬೇಡಿ. ಕೊನೇಲಿ ಸ್ವಲ್ಪ ಎಳೀಬೇಕು. ಟಿಟ್ಟೀ... ಹೀಗೆ.”

ಆ ಹಕ್ಕಿ ದಂಡೆಯ ಟಿಟ್ಟಿಭಮ್ಮನೇ. ಅವಳು ಗಾಳಿಯಲ್ಲೇ ಒಂದು ಕ್ಷಣ ಕೂಗು ಮರೆತಳು. “ಏನಂದೆ?”

“ನಿಮ್ಮದು ಸ್ವಲ್ಪ ಒರಟಾಯ್ತು ಅಂದೆ.”

“ಹಿಂದೆ ನೋಡೇ, ಪಂಡಿತೆ,” ಎಂದಳು ಟಿಟ್ಟಿಭಮ್ಮ.

ಸುರಗಿ ಹಿಂದೆ ನೋಡಿದಳು. ಹುಲ್ಲಿನ ನಡುವೆ ನರಿಯ ಎರಡು ಕಣ್ಣು.

ನೆಲ ಗುದ್ದಬೇಕೆಂಬುದೇ ಅವಳಿಗೆ ಮರೆತುಹೋಯಿತು. ಕಾಲುಗಳು ಅವಳನ್ನು ಕೇಳದೆಯೇ ಓಡಿದವು. ಅದನ್ನು ಕಂಡು ಉಳಿದವರೂ ದಿಕ್ಕಾಪಾಲಾದರು. ಅಜ್ಜಿ ಮಾತ್ರ ಹಿಂದುಳಿದಳು. ನರಿ ಅವಳತ್ತಲೇ ನೆಗೆಯಿತು. ಆಗ ಟಿಟ್ಟಿಭಮ್ಮ ಕಲ್ಲು ಬಿದ್ದಂತೆ ಮೇಲಿಂದ ಎರಗಿ ನರಿಯ ಮೂತಿಗೆ ರೆಕ್ಕೆಯಿಂದ ಬಡಿದಳು. ಮತ್ತೆ ಏರಿದಳು, ಮತ್ತೆ ಬಡಿದಳು. ನರಿ ಅವಳನ್ನು ಹಿಡಿಯಲು ಹಾರಿ ಹಾರಿ ಬೀಳುವಷ್ಟರಲ್ಲಿ ಅಜ್ಜಿ ಕುಂಟುತ್ತಲೇ ಪೊದೆ ಸೇರಿದಳು. ಕೊನೆಗೆ ನರಿ ಸಾಕಾಗಿ ಹೊರಟುಹೋಯಿತು.

ಪೊದೆಯೊಳಗೆ ಅಜ್ಜಿ ಬಹಳ ಹೊತ್ತು ಏದುಸಿರು ಬಿಟ್ಟಳು. ಬೈಯಲಿಲ್ಲ. “ಹೆಸರು ಸರಿಯಾಗೇ ಹೇಳ್ದೆ ಕಣೆ,” ಎಂದಳಷ್ಟೇ. “ನೂರಕ್ಕೆ ನೂರು.”

ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಸುರಗಿಗೆ. ತಲೆ ತಗ್ಗಿಸಿ ಕಾಲು ನೆಕ್ಕಿಕೊಳ್ಳಹೋದಳು. ಹಿಂಗಾಲಿನ ತುಪ್ಪಳಕ್ಕೆ ಏನೋ ಅಂಟಿಕೊಂಡಿತ್ತು. ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಗಳ ಒಂದು ಚೂರು ಚಿಪ್ಪು.

ಟಿಟ್ಟಿಭ ನೆಲದ ಮೇಲೆ ಮೊಟ್ಟೆಯಿಡುತ್ತದೆ ಎಂಬುದನ್ನೂ ಮೇಷ್ಟ್ರು ಹೇಳಿದ್ದರು. ಆಗಲೂ ಅವಳು ತಲೆಯಾಡಿಸಿದ್ದಳು.

ಬೆಳಗಾಗುತ್ತಲೇ ಸುರಗಿ ಯಾರಿಗೂ ಹೇಳದೆ ಕೊಳದ ಕಡೆ ಹೊರಟಳು. ಟಿಟ್ಟಿಭಮ್ಮ ಉಳಿದ ಮೊಟ್ಟೆಗಳ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಡೆದದ್ದರ ಗುರುತು ಇನ್ನೂ ಆರಿರಲಿಲ್ಲ. ಈ ಸಲ ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತ ಸುರಗಿ ಹತ್ತಿರ ಹೋದಳು. ನಾಲಿಗೆ ಒಣಗಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಮುಕ್ಕಾಲು ಎಲ್ಲೋ ಉದುರಿಹೋಗಿದ್ದವು.

“ಅದನ್ನ ತುಳಿದಿದ್ದು ನಾನೇ,” ಎಂದಳು.

ಟಿಟ್ಟಿಭಮ್ಮ ನೀರಿನ ಕಡೆ ನೋಡುತ್ತಿದ್ದಳು.

“ನಮ್ಮಜ್ಜಿನ ಉಳಿಸಿದ್ರಿ. ನಂಗೆ ನಿಮ್ಮ ಕೂಗು ಗೊತ್ತಿಲ್ಲ. ಗೊತ್ತು ಅಂದ್ಕೊಂಡಿದ್ದೆ. ಇಲ್ಲೇ ಕೂತ್ಕೊಂಡು ಕೇಳ್ತೀನಿ, ಒಂದು ಮಾತೂ ಆಡಲ್ಲ. ನಿಮಗೆ ಮನಸ್ಸಾದಾಗ ಒಂದು ಸಲ ಕೂಗ್ತೀರಾ, ಟಿಟ್ಟಿಭಮ್ಮ?”

ಟಿಟ್ಟಿಭಮ್ಮ ಕೊಕ್ಕಿನಿಂದ ಒಂದು ಮೊಟ್ಟೆಯನ್ನು ಹೊಟ್ಟೆಯಡಿಗೆ ಸರಿಸಿಕೊಂಡು, ಮತ್ತೆ ನೀರಿನ ಕಡೆ ತಿರುಗಿದಳು. ಸುರಗಿ ಎರಡೂ ಕಿವಿ ನಿಗುರಿಸಿ ಕೂತೇ ಇದ್ದಳು.

ನೀತಿ: ನಕಲು ಕೇಳಿ ಕಲಿತವರು ಅಸಲನ್ನು ತಿದ್ದಲು ಹೋಗಬಾರದು.