ಮನೆಗೆ ತಲುಪಿಸುವ ಆದೇಶ

ಪಕ್ಕದೂರಿನ ಹಳ್ಳದಿಂದ ನೆರೆನೀರಿನೊಡನೆ ತೇಲಿಬಂದ ಬಸವನಹುಳುವೊಂದು ಕೆರೆಯ ತಾವರೆ ದಂಟಿನ ಬುಡದಲ್ಲಿ ಮೊಟ್ಟೆಯಿಟ್ಟು ಬದುಕಿಕೊಂಡಿತ್ತು. ಒಂದು ಬೆಳಿಗ್ಗೆ ಕೆರೆ ಕಾವಲಿನ ಏಡಿ ಬಂದು ಅದರ ಚಿಪ್ಪನ್ನು ತಟ್ಟಿತು.

"ನೀನು ಹೊರಗಿನವಳು. ಈಚೆ ಬಂದು ಈ ಕಾಗದಕ್ಕೆ ರುಜು ಹಾಕು. ಸಂಜೆಯೊಳಗೆ ಕೆರೆ ಬಿಡಬೇಕು."

ಬಸವನಹುಳು ಚಿಪ್ಪಿನೊಳಗೆ ಇನ್ನಷ್ಟು ಸರಿಯಿತು. ಮೊಟ್ಟೆ ಒಡೆಯಲು ಇನ್ನೂ ಎರಡು ದಿನವಿತ್ತು. ಆದರೆ ವಲಸೆ ಬಂದವರಿಗೆ ಪುಕ್ಕಟೆ ಕಾನೂನು ಹೇಳಿಕೊಡುವ ವಕೀಲ ಆಮೆಯ ಮಾತು ನೆನಪಾಯಿತು: ತಟ್ಟಿದ ಕೂಡಲೇ ಬಾಗಿಲು ತೆರೆಯಬೇಡ, ಓದದೆ ರುಜು ಹಾಕಬೇಡ.

"ಆದೇಶವನ್ನು ಬಾಗಿಲ ಸಂದಿಯಲ್ಲಿ ತೋರಿಸಿ ಸ್ವಾಮಿ," ಎಂದಿತು ಒಳಗಿನಿಂದಲೇ.

ಏಡಿ ತೋರಿಸಿತು. ಬಸವನಹುಳು ಒಂದೊಂದೇ ಅಕ್ಷರ ಓದಿ ಮುಗಿಸುವಾಗ ಮಧ್ಯಾಹ್ನವಾಗಿತ್ತು.

"'ಬಸವನಹುಳುವನ್ನು ಅದರ ಮನೆಗೆ ತಲುಪಿಸತಕ್ಕದ್ದು' ಎಂದಿದೆ. ನಾನು ಮನೆಯೊಳಗೇ ಇದ್ದೇನಲ್ಲ ಸ್ವಾಮಿ."

ಏಡಿ ಕಾಗದವನ್ನು ತಿರುವಿ ನೋಡಿತು, ಚಿಪ್ಪನ್ನು ಸುತ್ತಿ ನೋಡಿತು. ಅದು ಮನೆಯಲ್ಲವೆನ್ನಲು ಯಾವ ಕಲಮೂ ಸಿಗಲಿಲ್ಲ. ಕೊನೆಗೆ "ಆದೇಶ ಪಾಲಿಸಲಾಗಿದೆ" ಎಂದು ಬರೆದು, ತಾನೇ ರುಜು ಹಾಕಿ, ಅಡ್ಡಡ್ಡ ನಡೆದುಹೋಯಿತು.

ಆಮೇಲಷ್ಟೇ ಬಸವನಹುಳು ಕೊಂಬು ಹೊರಚಾಚಿ ಪಕ್ಕದ ದಂಟಿಗೆ ಹೋಯಿತು. ಅಲ್ಲಿ ನಿನ್ನೆ ತೇಲಿಬಂದ ಕಪ್ಪೆಯೊಂದಿತ್ತು. ಅದರ ಬೆನ್ನ ಮೇಲೆ ಮನೆಯಿರಲಿಲ್ಲ.

"ಏಳು ತಂಗಿ," ಎಂದಿತು ಬಸವನಹುಳು, "ಕಾಗದ ಬರುವ ಮೊದಲೇ ವಕೀಲರನ್ನು ಕಾಣೋಣ."