ಸಾಹುಕಾರ ಕೊಂಡುಕೊಂಡ ಎರಡು ಮಾತು

"ಕೇಳ್ರಪ್ಪೋ ಕೇಳಿ! 'ಊಟ ಆಯ್ತಾ' ಎಂಬ ಎರಡು ಮಾತು ಇಂದಿನಿಂದ ಉದರಂಭರ ಸಾಹುಕಾರರ ಸ್ವತ್ತು. ಅವರ ಖಾನಾವಳಿಗಳಲ್ಲಿ ಬಿಟ್ಟರೆ ಬೇರೆಲ್ಲೂ, ಯಾರೂ, ಯಾರನ್ನೂ ಹಾಗೆ ಕೇಳಕೂಡದು. ಕೇಳಿದವರ ತಲೆ ಹಾರುವುದು. ಇದು ಅನ್ಯಾಯ ಅನ್ನುವವರು ಆಸ್ಥಾನಕ್ಕೆ ಬಂದು ಮಹಾರಾಜರ ಮೂರು ಒಗಟು ಬಿಡಿಸಲಿ. ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದರೆ ಅವರ ತಲೆಯೂ ಹಾರುವುದು!"

ಡಂಗುರ ಮುಗಿಸಿದ ಮೇಲೆ, ಆ ಮಾತನ್ನು ತಾನೇ ಆಡಿಬಿಟ್ಟೆನಲ್ಲ ಎಂದು ಹೊಳೆದು, ತಮಟೆಯವನು ತಮಟೆ ಬಿಟ್ಟು ಓಡಿದ. ಬಾಣಲೆದುರ್ಗದ ಆ ಬೀದಿಯಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಸುಳ್ಳು ಅನ್ನುವವರು ಆಗ ಹುಟ್ಟೇ ಇರಲಿಲ್ಲ, ಅವರ ಮಾತು ಲೆಕ್ಕಕ್ಕಿಲ್ಲ.

ಉದರಂಭರ ಅಂದರೆ ಸಾಮಾನ್ಯನಲ್ಲ. ದುರ್ಗದಿಂದ ಕಡಲಿನವರೆಗೆ ಊರೂರಿಗೂ ಅವನ ಖಾನಾವಳಿ. ಎಲ್ಲ ಕಡೆ ಒಂದೇ ಬೋರ್ಡು, ಒಂದೇ ಅಳತೆಯ ವಡೆ. ಬೋರ್ಡಿನ ಮೇಲೆ 'ಊಟ ಆಯ್ತಾ?' ಎಂದು ಬರೆಸಿದ್ದ. ಮಹಾರಾಜ ಸುಗ್ರಾಸಸೇನನಿಗೆ ದಿನಾ ಬೆಳಿಗ್ಗೆ ಬಿಸಿ ವಡೆ ಕಳಿಸಿ ಕಳಿಸಿ, ಕೊನೆಗೆ ಆ ಮಾತಿಗೇ ರಾಜಮುದ್ರೆ ಒತ್ತಿಸಿಕೊಂಡ. ಜನ ಹೆದರಿ "ಒಳಗೆ ಏನಾದ್ರೂ ಹೋಯ್ತಾ?" ಎಂದು ಕೇಳತೊಡಗಿದರು. ಅದೂ ತನ್ನ ಮಾತಿನ ಹಾಗೇ ಇದೆಯೆಂದು ಸಾಹುಕಾರ ಅದರ ಮೇಲೂ ದೂರು ಕೊಟ್ಟ.

ಹೊಳೆಯ ದಡದಲ್ಲಿ ಸಣ್ಣೀರಮ್ಮ ಎಂಬ ಹೆಂಗಸು ಪಡ್ಡು ಹಾಕಿ ಮಾರುತ್ತಿದ್ದಳು. ಅವಳ ಒಲೆಗೆ ಸೌದೆ ಹೊರುತ್ತಿದ್ದವನು ತಮ್ಮ ದುಗ್ಗ. ಒಂದು ದಿನ ದಣಿದು ಬಂದ ದಾರಿಹೋಕನ ಮುಖ ನೋಡಿ ಸಣ್ಣೀರಮ್ಮ ಅಭ್ಯಾಸಬಲದಿಂದ ಆ ಎರಡು ಮಾತು ಕೇಳಿಯೇಬಿಟ್ಟಳು. ಸಂಜೆಯೊಳಗೆ ಅವಳನ್ನು ಸೆರೆಮನೆಗೆ ಹಾಕಿದರು. ಶನಿವಾರ ತಲೆ ತೆಗೆಯುವುದೆಂದು ಗೊತ್ತಾಯಿತು.

ಶುಕ್ರವಾರ ಸಭೆ ಸೇರಿತು. ಒಗಟು ಬಿಡಿಸಲು ಬಂದವರು ಮೂವರು: ನೆರೆರಾಜ್ಯದ ರಾಜಕುಮಾರ, ಒಬ್ಬ ಭಾರೀ ಪೈಲ್ವಾನ, ಅವರ ಹಿಂದೆ ನಮ್ಮ ದುಗ್ಗ. ಮೊದಲಿಬ್ಬರಿಗೆ ಬೊಕ್ಕಸದ ಮೇಲೆ ಕಣ್ಣು, ದುಗ್ಗನಿಗೆ ಅಕ್ಕನ ತಲೆಯ ಚಿಂತೆ.

ರಾಜ ಮೀಸೆ ತಿರುವಿದ. "ಅದು ಅಡಿಗೆಮನೆಯಲ್ಲಿ ಹುಟ್ಟುತ್ತದೆ, ಬಾಗಿಲು ಹಾಕಿದರೂ ಹೊರಗೆ ಹೋಗುತ್ತದೆ, ಕರೆಯದಿದ್ದರೂ ನೆರೆಮನೆಗೆ ನುಗ್ಗುತ್ತದೆ. ಹುಟ್ಟಿಸಿದವನೇ ಕರೆದರೂ ಹಿಂದಕ್ಕೆ ಬಾರದು. ಏನದು?"

"ಬೆಕ್ಕು!" ಅಂದ ರಾಜಕುಮಾರ.

"ಬೆಕ್ಕು ಕರೆದರೆ ಬರುತ್ತದಪ್ಪ."

"ನಮ್ಮರಮನೇದು ಬರಲ್ಲ!" ಎಂದು ಅವನು ಕೂಗುತ್ತಿದ್ದ ಹಾಗೇ ಭಟರು ಸೆರೆಮನೆಗೆ ಎಳೆದುಕೊಂಡು ಹೋದರು.

ಅಷ್ಟರಲ್ಲಿ ಅರಮನೆಯ ಅಡಿಗೆಯವನು ಒಣಮೆಣಸಿನಕಾಯಿ ಸಿಡಿಸಿದ. ರಾಜ ಕೆಮ್ಮಿದ, ಮಂತ್ರಿ ಕೆಮ್ಮಿದ, ನಾನಂತೂ ಕಂಬ ಅಲ್ಲಾಡುವ ಹಾಗೆ ಕೆಮ್ಮಿದೆ. ದುಗ್ಗ ಕಣ್ಣೊರೆಸಿಕೊಂಡು, "ಇದೇ ಬುದ್ಧಿ, ಒಗ್ಗರಣೆ ಘಾಟು," ಅಂದ. "ಬಾಣಲೆ ಯಾರದೋ, ಮೂಗು ಮಾತ್ರ ಊರಿನೋರದು."

"ಸರಿ. ಎರಡನೆಯದು. ಬಡವನ ಮನೆಗೆ ಅದು ಕರೆಯದೆಯೇ ಬರುತ್ತದೆ. ಧನಿಕ ಎಷ್ಟು ಹೊನ್ನು ಸುರಿದರೂ ಸಂತೆಯಲ್ಲಿ ಸಿಗದು. ಅದಿಲ್ಲದಿದ್ದರೆ ನಮ್ಮ ಅರಮನೆಯ ಊಟವೂ ಸಪ್ಪೆ."

ಪೈಲ್ವಾನ ತೊಡೆ ತಟ್ಟಿದ. "ಉಪ್ಪು!"

"ಉಪ್ಪು ಸಿಗದ ಧನಿಕ ಯಾವನಯ್ಯಾ?" ಎಂದ ರಾಜ. ಪೈಲ್ವಾನನನ್ನು ಹೊತ್ತೊಯ್ಯಲು ಹತ್ತು ಭಟರು ಬೇಕಾದರು.

ದುಗ್ಗನ ಹೊಟ್ಟೆ ಸಭೆಗೇ ಕೇಳುವಂತೆ ಗುರುಗುಟ್ಟಿತು. "ಹಸಿವು ಬುದ್ಧಿ. ಅಕ್ಕ ಸೆರೆಗೆ ಹೋದಾಗಿಂದ ನನ್ನ ಜೊತೇಲೇ ಐತೆ. ಸಾಹುಕಾರ್ರಿಗೆ ಬೇಕಾದ್ರೆ ಅರ್ಧ ಕೊಡ್ತೀನಿ, ಅದಕ್ಕೂ ಮುದ್ರೆ ಹಾಕಿಸ್ಕೊಳ್ಳಲಿ."

ಸಭೆ ನಕ್ಕಿತು. ಅಲ್ಲೇ ಕೂತಿದ್ದ ಉದರಂಭರನ ಮುಖ ಕರಿದ ವಡೆಯ ಬಣ್ಣಕ್ಕೆ ತಿರುಗಿತು. ಅವನು ರಾಜನ ಕಿವಿಯಲ್ಲಿ ಏನೋ ಉಸುರಿದ. ರಾಜ ಮೂರನೆಯದನ್ನು ಹೇಳಿದ:

"ಯಾರೂ ಕಲಿಸದೆ ಎಲ್ಲರಿಗೂ ಬರುವ ಪ್ರಶ್ನೆ. ಶತ್ರು ಮನೆಗೆ ಬಂದರೂ ಮೊದಲು ಅವನಿಗೆ ಅದೇ ಪ್ರಶ್ನೆ. ದಿನಾ ಬಳಸಿದರೂ ಸವೆಯದು. ಯಾವುದದು? ಉತ್ತರ ಈ ಸಭೆಯಲ್ಲಿ ಕೇಳಿಸಬೇಕು."

ಎಲ್ಲರಿಗೂ ಉತ್ತರ ಗೊತ್ತಿತ್ತು. ಯಾರೂ ಉಸಿರು ಬಿಡಲಿಲ್ಲ. ಹೇಳಿದರೆ ಆ ಮಾತು ಆಡಿದ್ದಕ್ಕೆ ತಲೆ ಹೋಗುತ್ತದೆ, ಹೇಳದಿದ್ದರೆ ಸೋತದ್ದಕ್ಕೆ ಹೋಗುತ್ತದೆ. ಸಾಹುಕಾರ ನಕ್ಕ.

ದುಗ್ಗ ಸಭೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಎದುರಿನ ನೆಲವನ್ನು ಅಂಗೈಯಲ್ಲಿ ಒರೆಸಿದ. ಅಲ್ಲೇ ಇದ್ದ ತಂಬಿಗೆಯಿಂದ, ಎಲೆ ಹಾಕುವ ಮುಂಚೆ ಚಿಮುಕಿಸುವ ಹಾಗೆ, ನೀರು ಚಿಮುಕಿಸಿದ. ಆಮೇಲೆ ಎಲೆಯಿಲ್ಲದ ಆ ಜಾಗವನ್ನೇ ನೋಡುತ್ತಾ ಕೈಕಟ್ಟಿ ಕೂತುಬಿಟ್ಟ.

ರಾಜನ ಪಕ್ಕದಲ್ಲಿ ಅವನ ತಾಯಿ ಮುದ್ದಮ್ಮಣ್ಣಿ ಕೂತಿದ್ದರು. ಊಟಕ್ಕೆ ಕೂತ ಮಗುವಿನ ಮುಂದೆ ಬರೀ ನೆಲ! ಮುದುಕಿ ಒಮ್ಮೆ ಮಿಸುಕಾಡಿದರು, ಸೆರಗು ಸರಿಮಾಡಿಕೊಂಡರು, ಕೊನೆಗೆ ತಡೆಯಲಾರದೆ ಎದ್ದೇಬಿಟ್ಟರು.

"ಯಾಕೋ ಮಗಾ, ಮುಖ ಹೀಗೆ ಬಾಡಿದೆ? ಊಟ ಆಯ್ತಾ?"

ತಲೆ ತೆಗೆಯುವವನ ಕೈಯಿಂದ ಕತ್ತಿ ಠಣ್ಣನೆ ಬಿತ್ತು.

"ಅಮ್ಮಾ! ಏನಂದೆ?" ರಾಜ ಸಿಂಹಾಸನದಿಂದ ಅರ್ಧ ಎದ್ದ.

"ಊಟ ಆಯ್ತಾ ಅಂದೆ ಕಣೋ. ಅದನ್ನೂ ನಿನ್ನ ಕೇಳಿ ಅನ್ನಬೇಕಾ?"

ದುಗ್ಗ ಕೈಮುಗಿದ. "ಕೇಳಿಸಬೇಕು ಅಂದ್ರಿ ಬುದ್ಧಿ, ಕೇಳಿಸ್ತು. ಉತ್ತರ ಅದೇ. ನಾನು ಆಡಿಲ್ಲ, ಅವ್ವನೋರು ಆಡಿದ್ರು. ಅವರೂ ಬೇಕೂಂತ ಆಡ್ಲಿಲ್ಲ, ಹಸಿದೋರ್ನ ಕಂಡ್ರೆ ಅದು ತಾನಾಗೇ ಬಂದ್ಬಿಡತ್ತೆ. ನಮ್ಮಕ್ಕಂಗೂ ಹಂಗೇ ಬಂದಿದ್ದು. ಈಗ ಇಬ್ಬರ ತಲೇನೂ ತೆಗೀತೀರೋ, ಇಬ್ಬರನ್ನೂ ಬಿಡ್ತೀರೋ?"

ರಾಜ ತಾಯಿಯ ಮುಖ ನೋಡಿದ. ಮುದ್ರೆಯ ಪತ್ರ ತರಿಸಿ ಎಲ್ಲರೆದುರು ಹರಿದು ಹಾಕಿದ. "ಗೆದ್ದೆ ಕಣಪ್ಪ. ಏನು ಬೇಕು?"

"ನಮ್ಮಕ್ಕ. ಜೊತೆಗೆ ಸೆರೆಮನೇಲಿರೋ ಮಿಕ್ಕೋರು."

ರಾಜ ಅಷ್ಟನ್ನೂ ಕೊಟ್ಟು, ಅರಮನೆಯ ಎದುರಿಗೇ ಪಡ್ಡಿನ ಅಂಗಡಿಗೆ ಜಾಗವನ್ನೂ ಕೊಟ್ಟ. ರಾಜಕುಮಾರ ತನ್ನ ಬೆಕ್ಕಿನ ಬಳಿಗೆ ಓಡಿದ.

ಸಣ್ಣೀರಮ್ಮ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಉದರಂಭರ ತಲೆ ಬಗ್ಗಿಸಿ ಕೂತಿದ್ದ. ದುಗ್ಗ ಮುಖ ತಿರುಗಿಸಿದ. ಅವಳು ನಿಂತಳು.

"ಊಟ ಆಯ್ತಾ ಸಾಹುಕಾರ್ರೇ?"

ಸಾಹುಕಾರ ತಲೆ ಎತ್ತಿದ. "ಇಲ್ಲಮ್ಮಾ. ಮುದ್ರೆ ಬಿದ್ದ ದಿನದಿಂದ ನನ್ನನ್ನು ಯಾರೂ ಕೇಳೇ ಇಲ್ಲ. ಮನೆಯವಳಿಗೂ ಭಯ."

"ಏ ದುಗ್ಗಾ, ಸೌದೆ ತಗೊಂಬಾರೋ," ಅಂದಳು ಸಣ್ಣೀರಮ್ಮ.

ಆ ಹೊಸ ಅಂಗಡಿಯ ಮೊದಲ ಪಡ್ಡು ತಿಂದವನು ಸಾಹುಕಾರ. ಮತ್ತೆ ಮತ್ತೆ ಹಾಕಿಸಿಕೊಂಡು ತಿಂದ, ಕಣ್ಣಲ್ಲಿ ನೀರು ಬಂದರೆ ಚಟ್ನಿ ಖಾರ ಅಂದ. ಪಕ್ಕದಲ್ಲೇ ಕೂತಿದ್ದ ನಾನು ಎಷ್ಟು ತಿಂದೆ ಅನ್ನುವುದು ಈ ಕತೆಗೆ ಬೇಕಿಲ್ಲ.